ಬುಂದಿ ಝಾರಿ ಹಿಡಿದು ನಿಂತ ಮಿಸ್ತ್ರಿ

ನನ್ನ ಮೊಮ್ಮಗಳು ಟಿವಿಯೊಳಗೆ ಬಂದಳು. ಖೋಖೋದಲ್ಲಿ ಕಡೆಯ ಹುಡುಗಿಯನ್ನು ಕಂಬದ ಹತ್ತಿರ ಅಡ್ಡ ಬಿದ್ದು ಮುಟ್ಟಿದವಳು ನಮ್ಮವಳೇ. ಬೆನ್ನ ಮೇಲೆ ಏಳು ನಂಬರು, ಮಡಚಿ ಕಟ್ಟಿದ ಎರಡು ಜಡೆ, ಎಲ್ಲ ಕಣ್ಣಾರೆ ಕಂಡೆ. ಓಣಿಯವರಿಗೆಲ್ಲ ಹೇಳಿ ಮುಗಿಯಿತು, ಇನ್ನು ಬರೆಯುವುದಷ್ಟೇ ಉಳಿದಿದೆ. ಆದರೆ ಬರೆಯಲು ಕೂತರೆ ಕಣ್ಣ ಮುಂದೆ ಮೊದಲು ಬರುವುದು ಅವಳಲ್ಲ, ಒಂದು ಹೆಬ್ಬೆರಳು. ಉಗುರು ನಡುವೆ ಸೀಳಿ ಎರಡಾಗಿ ಬೆಳೆದ, ಸುಟ್ಟ ಕಲೆಗಳ ಹೆಬ್ಬೆರಳು. ಅದು ನಮ್ಮ ಡಿಶ್ ಮಿಸ್ತ್ರಿಯದು.

ಕುಡಚಿ ಸ್ಟೇಶನ್ ಹತ್ತಿರ ಅವರದೊಂದು ರಿಪೇರಿ ಅಂಗಡಿ. ಮೂವತ್ತು ವರ್ಷದ ಹಿಂದೆ ನಮ್ಮ ಮಾಳಿಗೆಯ ಮೇಲೆ ಆ ಎಂಟು ಫೂಟಿನ ಜಾಳಿಗೆ ಡಿಶ್ ಕೂಡಿಸಿದವರು ಅವರೇ. ಬಂದ ಕೂಡಲೇ ಅಡಿಗೆ ಮನೆಗೆ ಕೂಗಿ ಒಂದು ವಾಟಿ ಕೇಳುತ್ತಿದ್ದರು, ಬಿಚ್ಚಿದ ಸ್ಕ್ರೂ ಹಾಕಲು. ಹೋಗುವಾಗ ಆ ವಾಟಿಯನ್ನು ತಾವೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ಚಿತ್ರ ಬರದಿದ್ದಾಗ ಬೇರೆಯವರು ಟಿವಿ ಡಬ್ಬಿಗೆ ಬಡಿಯುತ್ತಾರೆ. ಇವರು ಟೋಪಿ ತೆಗೆದು ತಲೆ ತುರಿಸಿಕೊಂಡು, "ಆಕಾಶ ಅಲ್ಲೇ ಐತ್ರಿ, ನಾವ ತಪ್ಪ ಕಡೆ ನೋಡಾಕತ್ತೀವಿ" ಅನ್ನುವರು.

ಹೋದ ವಾರ ಈ ಮಾತು ಎಷ್ಟು ಸಲ ಕೇಳಿದೆನೋ, ನನಗೆ ತಲೆ ಕೆಟ್ಟು ಹೋಯಿತು.

ಆದದ್ದು ಇಷ್ಟು. ಮೊಮ್ಮಗಳು ಧಾರವಾಡದಲ್ಲಿ ಆಡಿ ಗೆದ್ದು ಮನೆಗೆ ಬಂದಿದ್ದಳು. ಆ ಆಟವನ್ನು ಭಾನುವಾರ ಸಂಜೆ ನಾಲ್ಕಕ್ಕೆ ಒಂದೇ ಸಲ ಟಿವಿಯಲ್ಲಿ ತೋರಿಸುವವರಿದ್ದರು. ಮೊಣಕಾಲಿನ ದೆಸೆಯಿಂದ ನಾನು ಒಮ್ಮೆಯೂ ಅವಳ ಆಟ ನೋಡಿದವಳಲ್ಲ. ಮಗ, "ಆಯಿ, ಮೊಬೈಲ್‌ನ್ಯಾಗ ನೋಡು, ಆ ಡಿಶ್ ಗುಜರಿಗೆ ಹಾಕೂನು" ಅಂದ. ಮೊಬೈಲಿನ ಮಂದಿ ನನ್ನ ಕಣ್ಣಿಗೆ ಇರುವೆಯಷ್ಟು ಕಾಣುತ್ತಾರೆ. ನಮ್ಮೂರಲ್ಲಿ ಅದೂ ಅರ್ಧ ಹೊತ್ತು ಬರೀ ಚಕ್ರ ತಿರುಗುತ್ತದೆ. ಆ ಚಾನೆಲ್ಲು ಸಣ್ಣ ಡಿಶ್‌ನಲ್ಲಿ ಬರುವುದಿಲ್ಲ, ದೊಡ್ಡದರಲ್ಲೇ ಬರಬೇಕು. ಮಿಸ್ತ್ರಿಗೆ ಫೋನ್ ಹಚ್ಚಿಸಿದೆ.

ಗುರುವಾರ ಬಂದರು. ರಮಜಾನ್ ತಿಂಗಳು, ರೋಜಾ ಹಿಡಿದಿದ್ದರು. ನೀರೂ ಕುಡಿಯುವಂತಿಲ್ಲ. ಹಳೆಯ ರಿಸೀವರ್ ಹಚ್ಚಿ ನೋಡಿ, "ಇದಕ್ಕ ಈಗಿನ ಸಿಗ್ನಲ್ ತಿಳಿಯಂಗಿಲ್ರಿ ಅಕ್ಕಾರ" ಅಂದರು. ಮಗ ಅಥಣಿಯಿಂದ ಹೊಸದು ತಂದ. ಹಚ್ಚಿದರು, ಚಿತ್ರವಿಲ್ಲ. ಶುಕ್ರವಾರ ಡಿಶ್‌ನ ಮುಂದೆ ಮೂರು ಕಬ್ಬಿಣದ ಸಳಿಗಳ ಮೇಲೆ ಕೂತು ಸಿಗ್ನಲ್ ಹಿಡಿಯುವ ತಲೆಯನ್ನು ಬಿಚ್ಚಿದರು. ಮೂವತ್ತು ವರ್ಷದ ಮಳೆ ಕುಡಿದು ಒಳಗೆಲ್ಲ ತುಕ್ಕು. ಹೊಸ ತಲೆ ಕೂಡಿಸಿದರು. ಆಗಲೂ ಚಿತ್ರವಿಲ್ಲ. ಶನಿವಾರ ಪತ್ತೆಯಾಯಿತು, ಆ ಚಾನೆಲ್ಲು ಬೇರೆ ಉಪಗ್ರಹಕ್ಕೆ ಹೋಗಿದೆ, ಇಡೀ ಡಿಶ್ಶನ್ನೇ ಒಂದು ಗೇಣು ತಿರುಗಿಸಬೇಕು ಎಂದು.

ಡಿಶ್‌ನ ಹಿಂದೆ ಹೋಗಿ ಬೋಲ್ಟು ಸಡಿಲಿಸಲು ಪಾನಾ ಹಚ್ಚಿದವರು ಹಾಗೇ ನಿಂತರು. ಕಬ್ಬಿಣದ ಸಂದಿಯಲ್ಲಿ ಬೆಳವಕ್ಕಿಯ ಗೂಡು. ಗೂಡೆಂದರೆ ನಾಲ್ಕು ಕಡ್ಡಿ, ಅದರಲ್ಲಿ ಎರಡು ತತ್ತಿ. ಡಿಶ್ ಅಲುಗಿದರೆ ಎರಡೂ ಕೆಳಗೆ.

ಗೋಡೆ ಹಿಡಿದು ಮೆಲ್ಲಗೆ ಮಾಳಿಗೆ ಹತ್ತಿ ಬಂದಿದ್ದ ನನಗೆ ಮೂರು ದಿನದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. "ಅದನ್ನ ಎತ್ತಿ ಆ ಕಡೆ ಇಡ್ರಿ ಮಿಸ್ತ್ರಿ" ಅಂದುಬಿಟ್ಟೆ.

ಅವರು ಪಾನಾ ಕೆಳಗಿಟ್ಟರು. "ಅಕ್ಕಾರ, ಈ ಡಿಶ್ ಕೂಡಿಸೂ ದಿನಾ ಇಲ್ಲಿ ಇರುವಿ ಸಾಲ ಹೊಂಟಿತ್ತು. ನೀವ ನನ್ನ ಕೈಯಾಗಿನ ಪಾನಾ ಕಸಗೊಂಡ್ರಿ. ಅರ್ಧಾ ದಿನಾ ಶೇಂಗಾ ತಿನಕೋತ ಕುಂತೆ. ಅವತ್ತ ನಿಮಗ ಮನಸಿನ್ಯಾಗ ಭಾಳ ಬೈದೇನಿ ಖರೆ. ಆದರ ಅವತ್ತಿನಿಂದ ನಾ ಎಲ್ಲೇ ತೂತ ಹಾಕಲಿ, ಮೊದಲ ನೋಡೇ ಹಾಕತೀನ್ರಿ."

ನಾವು ಜೈನರು. ದಾರಿಯ ಹುಳವನ್ನೂ ದಾಟಿ ನಡೆಯುವುದನ್ನು ಮಕ್ಕಳಿಗೆ ಕಲಿಸಿದವಳು ನಾನು. ಮುಖ ಎತ್ತಲಾಗಲಿಲ್ಲ. "ಹಂಗಾರ ಬಿಡ್ರಿ. ನನ್ನ ನಸೀಬದಾಗ ಇಲ್ಲ" ಅಂದು ಕೆಳಗಿಳಿದೆ. ಮೊಮ್ಮಗಳು, "ಇರಲಿ ಬಿಡಾಯಿ, ನಾ ಅಂಗಳದಾಗ ಆಡಿ ತೋರಸ್ತೀನಿ" ಅಂದಳು. ಅವಳ ಮೊಣಕಾಲಿನ ಗಾಯ ಇನ್ನೂ ಆರಿರಲಿಲ್ಲ.

ಭಾನುವಾರ ಮಧ್ಯಾಹ್ನ ಮಿಸ್ತ್ರಿ ಕರೆಯದೇ ಬಂದರು. ಮಗ ಕೆಣಕಿದ: "ಏನ್ರಿ ಮಿಸ್ತ್ರಿ, ಹಕ್ಕಿ ಕಡೆಯಿಂದ ಪರವಾನಿಗಿ ತಂದೀರೇನು?"

"ಹಕ್ಕೀನ ಯಾಕ ಎಬ್ಬಸೂದು? ಡಿಶ್ ಅಲ್ಲೇ ಇರಲಿ, ಮುಂದಿನ ತಲಿ ಅಷ್ಟ ಬಾಜೂಕ ಸರಸೂನು. ಆ ಉಪಗ್ರಹ ಮೂಡಣಕ್ಕೈತಿ, ತಲಿ ಪಡುವಣಕ್ಕ ಸರಸಿದ್ರ ಅದರ ಬೆಳಕ ಅದರಾಗ ಬೀಳತೈತಿ. ಉದ್ದಂದ ಒಂದ ಕಬ್ಬಿಣದ ಪಟ್ಟಿ ಬೇಕ್ರಿ."

ಪಟ್ಟಿ ಎಲ್ಲಿಂದ ತರುವುದು? ಲಾಡು ಮಾಡಲೆಂದು ನಾನು ಬುಂದಿ ಝಾರಿ, ಉದ್ದ ಕಬ್ಬಿಣದ ಹಿಡಿಕೆಯ ತೂತಿನ ಸೌಟು, ತೊಳೆದು ಇಟ್ಟಿದ್ದೆ. ಅವರ ಕಣ್ಣು ಅದರ ಮೇಲೆ ಬಿತ್ತು. ಕೊಟ್ಟೆ. ಡಿಶ್‌ನ ಮುಂದಿನ ಸಳಿಗೆ ಝಾರಿಯ ಹಿಡಿಕೆ ಕಟ್ಟಿ, ಅದಕ್ಕೆ ತಲೆ ಬಿಗಿದು, ಕೂದಲೆಳೆಯಷ್ಟು ಸರಿಸುತ್ತ ಕೂಗುತ್ತಿದ್ದರು: "ಬಂತೇನ್ರಿ?" "ಇಲ್ರಿ." "ಈಗ?" "ಇಲ್ರಿ." ನೂರು ಸಲ ಇಲ್ಲ ಅಂದೆವೇನೋ. ನಾಲ್ಕು ಹೊಡೆಯಿತು. ನಾಲ್ಕೂಕಾಲೂ ಆಯಿತು. ಆಮೇಲೆ ಒಮ್ಮೆಲೇ ಕೆಂಪು ಮಣ್ಣಿನ ಮೈದಾನ, ಕಂಬ, ಸಾಲಾಗಿ ಕೂತ ಹುಡುಗಿಯರು.

ಎರಡನೇ ಪಾಳಿಗೆ ಗಾಳಿ ಬಿಟ್ಟಿತು. ಝಾರಿ ಅಲುಗಿ ಚಿತ್ರ ಚೌಕ ಚೌಕವಾಗಿ ಒಡೆಯಿತು. ನಾವು ಹಾ ಅನ್ನುವಷ್ಟರಲ್ಲಿ ಮತ್ತೆ ಕೂಡಿತು, ಮುಂದೆ ಕಡೆಯ ತನಕ ಒಡೆಯಲಿಲ್ಲ. ಮೊಮ್ಮಗಳು ಅಡ್ಡ ಬಿದ್ದು ಮುಟ್ಟಿದಳು. ಸೊಸೆ ಅತ್ತಳು, ನಾನು ನೋವಿನ ಮೊಣಕಾಲಲ್ಲೇ ಎದ್ದು ನಿಂತೆ. ಮೇಲಿನಿಂದ ದನಿ ಬಂತು: "ಮುಟ್ಟಿದಳೇನ್ರಿ?"

ಮೊಮ್ಮಗಳು ಮಾಳಿಗೆಗೆ ಓಡಿದಳು. ಮಿಸ್ತ್ರಿ ಡಿಶ್‌ಗೆ ಅಡ್ಡವಾಗದಂತೆ ಕೆಳಗೆ ಬಗ್ಗಿ, ಎರಡೂ ಕೈ ಮೇಲೆತ್ತಿ ಝಾರಿ ಹಿಡಿದುಕೊಂಡು ನಿಂತಿದ್ದರಂತೆ, ಬಿಸಿಲಲ್ಲಿ, ಒಣ ತುಟಿಯಲ್ಲಿ, ಅರ್ಧ ತಾಸು. ನನ್ನ ಮೊಮ್ಮಗಳ ಆಟವನ್ನು ನಮ್ಮ ಮನೆಯಲ್ಲಿ ನೋಡದವರು ಅವರೊಬ್ಬರೇ. ಡಿಶ್‌ನ ಹಿಂದೆ ಬೆಳವಕ್ಕಿ ಕದಲದೆ ಕೂತಿತ್ತಂತೆ.

ನಮ್ಮ ಊಟ ಹೊತ್ತು ಮುಳುಗುವುದರೊಳಗೆ ಆಗಬೇಕು, ಅವರದು ಹೊತ್ತು ಮುಳುಗಿದ ಮೇಲೆ. ಮೂವತ್ತು ವರ್ಷ ಅವರು ನಮ್ಮಲ್ಲಿ ಚಹಾ ಕುಡಿದಿದ್ದಾರೆ, ಸಂಜೆ ಒಮ್ಮೆಯೂ ಉಂಡಿರಲಿಲ್ಲ. ಅವತ್ತು ಮಾಳಿಗೆಯ ಮೇಲೆ, ಡಿಶ್‌ನ ನೆರಳಲ್ಲೇ ತಾಟು ಹಾಕಿದೆವು. ಬುಂದಿ ಇಲ್ಲ, ಶೇಂಗಾ ಹೋಳಿಗೆ, ಹೆಸರುಕಾಳಿನ ಪಲ್ಯ. ಅವರ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ, ನನ್ನ ಮತ್ತು ಮೊಮ್ಮಗಳ ನಡುವೆ ಇಟ್ಟೆವು. ನಾವು ಉಂಡೆವು. ಅವರು ಆಟದ ಸುದ್ದಿಯೆಲ್ಲ ಮೊದಲಿನಿಂದ ಕೇಳುತ್ತ ಕೂತರು.

ಕಬ್ಬಿನ ಆಚೆ ಹೊತ್ತು ಮುಳುಗಿತು. ಅವರು ಸೀಳು ಉಗುರಿನಿಂದ ಖಜೂರದ ಬೀಜ ಬಿಡಿಸಿ ಬಾಯಿಗಿಟ್ಟರು. ಮೊಮ್ಮಗಳು ಮುಚ್ಚಿದ ತಾಟು ತೆಗೆದಳು. ನಮ್ಮದು ಮುಗಿದಿದ್ದರೂ ಯಾರೂ ಏಳಲಿಲ್ಲ. ಮಗ, ಸೊಸೆ, ಮೊಮ್ಮಗಳು, ನಾನು, ಒಣಗಿದ ಎಂಜಲು ಕೈಯಲ್ಲೇ ಕೂತಿದ್ದೆವು. ಅವರು ಉಂಡು ಕೈ ತೊಳೆದ ಮೇಲೆ ನಾವೂ ತೊಳೆದೆವು.