ಮೊದಲ ಸುತ್ತಿನಲ್ಲೇ ಸೋತ ತಾತ

ಅವರ ಬಲಗೈಯ ತೋರುಬೆರಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅನ್ನ ಕಲಸುವಾಗಲೂ ಅದೊಂದು ಪಕ್ಕಕ್ಕೆ ವಾಲಿಕೊಂಡು, ಉಳಿದವುಗಳ ಜೊತೆ ಸೇರದೆ ಇರುತ್ತಿತ್ತು. ಬ್ಯಾಟು ಹಿಡಿದು ಹಿಡಿದು ಹಾಗಾಯಿತು ಎನ್ನುತ್ತಿದ್ದರು. ಸಂಧಿವಾತವಿರಬೇಕು ಎಂದು ನಾನು ಮನಸ್ಸಿನಲ್ಲೇ ಷರಾ ಬರೆದುಕೊಂಡಿದ್ದೆ.

ಎಂಬತ್ತರ ದಶಕದ ನಡುವೆ ಅಮೆರಿಕದ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಡಾಕ್ಟರಮ್ಮನ ತಂದೆ ಅವರು. ಮೈಸೂರಿನವರು, ನಮಗೆಲ್ಲ ತಾತ. ಶನಿವಾರ ಬೆಳಿಗ್ಗೆ ಕ್ಲಬ್‌ಹೌಸಿನ ಟೇಬಲ್ ಟೆನ್ನಿಸ್ ಮೇಜಿನ ಎದುರು ಪಂಚೆಯ ಮೇಲೆ ಸ್ವೆಟರು ಹಾಕಿಕೊಂಡು ಅವರು ನಿಂತರೆ, ಅವರ ಅರ್ಧ ವಯಸ್ಸಿನ ನಾವು ಎಡಕ್ಕೂ ಬಲಕ್ಕೂ ಓಡಿ ಸುಸ್ತಾಗುತ್ತಿದ್ದೆವು. ಅವರು ಮಾತ್ರ ನಿಂತಲ್ಲಿಂದ ಕದಲುತ್ತಿರಲಿಲ್ಲ. "ಚೆಂಡಿಗೇನು ಅರ್ಜೆಂಟು? ಅದಾಗೇ ಬರತ್ತೆ, ಇರು" ಎನ್ನುವರು. ಹೊಸ ಚೆಂಡನ್ನು ಮೇಜಿನ ಮೇಲೆ ಬುಗುರಿಯಂತೆ ತಿರುಗಿಸಿ ನೋಡಿ, ಓಲಾಡಿದರೆ ಆಡಲು ಬಿಡುತ್ತಿರಲಿಲ್ಲ.

ಎರಡು ಮಹಾಯುದ್ಧಗಳ ನಡುವೆ ಲಂಡನ್ನಿನಲ್ಲಿ ಓದುತ್ತಿದ್ದಾಗ, ಮೊದಮೊದಲ ವಿಶ್ವ ಟೇಬಲ್ ಟೆನ್ನಿಸ್ ಪಂದ್ಯಾವಳಿಯೊಂದರಲ್ಲಿ ಭಾರತದ ಪರವಾಗಿ ಆಡಿದ್ದರಂತೆ. "ಮೊದಲನೇ ಸುತ್ತಲ್ಲೇ ಸೋತೆ ಕಣಪ್ಪ. ಎದುರಿಗಿದ್ದೋನು ಹಂಗೇರಿಯೋನು. ನಂಗೆ ಚೆಂಡೇ ಕಾಣಿಸ್ಲಿಲ್ಲ." ಗೆದ್ದೆ ಎಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಸೋತೆ ಎಂದದ್ದೇ ನನ್ನ ಅನುಮಾನಕ್ಕೆ ಕಾರಣ. ಸೋತವನ ಸುದ್ದಿಯನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ? ಜಾಣ ಸುಳ್ಳು ಹೀಗೇ ಇರುವುದು. "ಮೊಸರಲ್ಲಿ ಕಲ್ಲು ಹುಡುಕೋದು ಬಿಡಿ" ಎಂದಳು ನನ್ನ ಹೆಂಡತಿ.

ಆ ವರ್ಷ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ಕಾರ್ಯದರ್ಶಿ ನಾನೇ. ದಾಖಲೆ ಏನಾದರೂ ಇದೆಯೇ ಎಂದು ಕೇಳಿದೆ. "ಇತ್ತಪ್ಪ, ಪೆಟ್ಟಿಗೆಗೆ ಗೆದ್ದಲು ಹಿಡೀತು" ಎಂದರು. ಗೆದ್ದಲಿನ ಮೇಲೆ ಹಾಕಿದರೆ ಯಾವ ಸುಳ್ಳೂ ದಕ್ಕುತ್ತದೆ ಎಂದುಕೊಂಡೆ. ಓಕ್ಲ್ಯಾಂಡಿನ ಲೈಬ್ರರಿಗೆ ಹೋಗಿ, ಆ ಪಂದ್ಯಾವಳಿಯ ವಿವರವಿದ್ದ ಹಳೆಯ ಪುಸ್ತಕವೊಂದನ್ನು ಹುಡುಕಿಸಿದೆ. ಭಾರತದ ತಂಡದಲ್ಲಿ ತಾತನ ಹೆಸರಿರಲಿಲ್ಲ. ಆ ಪುಟದ ಜೆರಾಕ್ಸ್ ಹಿಡಿದು ಬರುವಾಗ ನನಗೆ ಖುಷಿಯೇ ಆಗಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ.

ಸಮಿತಿಗೆ ಹೇಳಿದೆ, ಡಾಕ್ಟರಮ್ಮನಿಗೂ ಹೇಳಿದೆ. ಆಕೆ ಮುಖ ತಗ್ಗಿಸಿ, "ವಯಸ್ಸಾಯ್ತಲ್ಲ, ಏನೋ ಕನ್‌ಫ್ಯೂಸ್ ಮಾಡ್ಕೊಂಡಿರ್ಬೇಕು" ಎಂದರು. ಶಾಲು ಬೇರೆಯವರಿಗೆ ಹೋಯಿತು. ತಾತ ಯುಗಾದಿಗೆ ಬಂದು, ಹಿಂದಿನ ಸಾಲಿನಲ್ಲಿ ಕೂತು, ಒಬ್ಬಟ್ಟು ತಿಂದು ಹೋದರು. ಮುಂದಿನ ಶನಿವಾರದಿಂದ ಕ್ಲಬ್‌ಹೌಸಿಗೆ ಬರಲಿಲ್ಲ.

ಆರೇಳು ವಾರ ಕಳೆದಿರಬೇಕು. ಆಫೀಸಿಗೆ ಹೊಸದಾಗಿ ಸೇರಿದವಳೊಬ್ಬಳು ನನ್ನನ್ನು ಕರೆದಳು, ನನ್ನ ಊರಿನ ಹೆಸರು ಹಿಡಿದು. ಅಲ್ಲಿ ಎಲ್ಲರೂ ಹಾಗೇ ಕರೆಯುವುದು. ಪಾಸ್‌ಪೋರ್ಟಿನವರು ಮನೆತನದ ಹೆಸರು ಕೇಳಿದಾಗ, ನಮಗೆಲ್ಲಿಯದು ಎಂದು, ಇನಿಷಿಯಲ್ಲಿನಲ್ಲಿದ್ದ ಊರನ್ನೇ ಬಿಡಿಸಿ ಬರೆದುಕೊಟ್ಟಿದ್ದೆ. ಅಂದು ಆ ಕರೆ ಕೇಳಿದಾಗ ಹೊಳೆಯಿತು, ಆ ಹಳೆಯ ಪುಸ್ತಕದಲ್ಲೂ ಆಟಗಾರರ ಮನೆತನದ ಹೆಸರಷ್ಟೇ ಇತ್ತು. ಸಂಜೆ ತಾತನ ಮನೆಯ ಬಾಗಿಲು ತಟ್ಟಿ, "ನಿಮ್ಮ ಇನಿಷಿಯಲ್ಲು ಯಾವ ಊರು ಸಾರ್?" ಎಂದೆ. ಒಂದು ಹಳ್ಳಿಯ ಹೆಸರು ಹೇಳಿದರು. ಭಾರತದ ತಂಡದ ಕೊನೆಯ ಸಾಲಿನಲ್ಲಿ ಇದ್ದದ್ದು ಅದೇ. ಯಾರೋ ಉತ್ತರದ ಕಡೆಯವನಿರಬೇಕೆಂದು ನಾನು ದಾಟಿಕೊಂಡು ಹೋಗಿದ್ದೆ.

ಓಡಿಹೋಗಿ ಜೆರಾಕ್ಸ್ ತಂದು ಅವರ ಮುಂದಿಟ್ಟೆ. ತಪ್ಪಾಯಿತು ಎಂದೆ. ಅವರು ಹಾಳೆಯನ್ನು ಮುಟ್ಟಲಿಲ್ಲ.

"ನಂಗ್ಯಾಕೆ ತೋರಿಸ್ತೀಯ? ನಾನು ಅಲ್ಲೇ ಇದ್ನಲ್ಲ. ಮಗಳಿಗೆ ತೋರ್ಸು. ಅವತ್ತಿಂದ ನಾನೇನು ಹೇಳಿದ್ರೂ ಮಕ್ಕಳ ಮಾತಿಗೆ ಹೂಂಗುಟ್ಟೋ ಹಾಗೆ ಹೂಂಗುಡ್ತಾಳೆ. ಮಾತ್ರೆ ತಗೊಂಡೆ ಅಂದ್ರೂ ಡಬ್ಬಿ ತೆಗೆದು ನೋಡ್ತಾಳೆ."

ಆಕೆ ಡ್ಯೂಟಿ ಮುಗಿಸಿ ಬರುವವರೆಗೆ ಅಲ್ಲೇ ಕಾದೆ. ಹಾಳೆ ಕೊಟ್ಟು, ಆ ಸಾಲು ತೋರಿಸಿದೆ. ಆಕೆ ಕೋಟನ್ನೂ ತೆಗೆಯದೆ ತಂದೆಯ ಪಕ್ಕ ಕಾರ್ಪೆಟ್ಟಿನ ಮೇಲೆ ಕೂತು, "ಅಪ್ಪಾ, ಆ ಹಂಗೇರಿಯವನ ಕಥೆ ಹೇಳು" ಎಂದರು. ತಾತ ಹೇಳಲು ಬಾಯಿ ತೆರೆದವರು ಹಾಗೇ ಅತ್ತುಬಿಟ್ಟರು.

ಆ ಚಳಿಗಾಲದಲ್ಲಿ ತೀರಿಕೊಂಡರು. ನನ್ನ ಮೇಲೆ ಕೊನೆಯವರೆಗೂ ಸಿಟ್ಟು ಮಾಡಲಿಲ್ಲ. ಸುಳ್ಳಾಡದ ಮನುಷ್ಯನನ್ನು ಆರೇಳು ವಾರ ಮಗಳ ಕಣ್ಣಲ್ಲಿ ಸುಳ್ಳುಗಾರನನ್ನಾಗಿ ಬದುಕಿಸಿದವನು ನಾನು. ಅವರಿಗೆ ಉಳಿದಿದ್ದ ದಿನಗಳೇ ಕಡಿಮೆ ಎಂದು ಆಗ ನನಗೆ ಗೊತ್ತಿರಲಿಲ್ಲ.