ಬದುವಿಗೆ ಹೊಡೆದ ಔಷಧಿ

ಸುತ್ತಲಿನವರು ಅವಳನ್ನು ಕಳೆಯಮ್ಮ ಎನ್ನುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಅವಳ ಎರಡು ಎಕರೆಯಲ್ಲಿ ಎಲ್ಲಿಯೂ ಬರಿಯ ಮಣ್ಣು ಕಾಣುವುದಿಲ್ಲ. ಕಳೆಯನ್ನು ಅವಳು ಕಿತ್ತು ಹೊರಗೆ ಎಸೆಯುವವಳಲ್ಲ. ಬೀಜ ಕಟ್ಟುವ ಮೊದಲೇ ಕುಡುಗೋಲಿನಿಂದ ಕೊಯ್ದು ಬದನೆ, ಹುರಳಿಕಾಯಿ, ಎಲೆಕೋಸಿನ ಬುಡಕ್ಕೆ ಹೊದಿಸುತ್ತಾಳೆ. ಅದರಡಿ ಮಣ್ಣು ತಂಪಾಗಿರುತ್ತದೆ, ಎರೆಹುಳು ಆಡುತ್ತದೆ, ಅರ್ಧ ನೀರು ಸಾಕಾಗುತ್ತದೆ. ಬದುವಿನ ಹುಲ್ಲು ಎರಡು ಹಸುಗಳಿಗೆ, ಹಸುಗಳ ಸಗಣಿ ಮತ್ತೆ ಹೊಲಕ್ಕೆ. ಹದಿನಾಲ್ಕು ವರ್ಷದಿಂದ ಅವಳು ಅಂಗಡಿ ಗೊಬ್ಬರದ ಒಂದು ಚೀಲ ಬಿಚ್ಚಿಲ್ಲ. ಇದನ್ನು ಹೇಳಿಕೊಂಡು ತಿರುಗಲು ಅವಳಿಗೆ ಪುರುಸೊತ್ತೂ ಇಲ್ಲ. ಬೆಳಿಗ್ಗೆ ಐದಕ್ಕೆ ಹಾಲು ಕರೆಯುವುದರಿಂದ ಹಿಡಿದು ಸಂಜೆ ಕೋಳಿಗಳನ್ನು ಗೂಡಿಗೆ ತುಂಬುವವರೆಗೆ ಅವಳ ಸೊಂಟ ನೆಟ್ಟಗಾಗುವುದು ಊಟಕ್ಕೆ ಕೂತಾಗ ಮಾತ್ರ.

ಪಕ್ಕದ ಹೊಲ ಗಂಡನ ಅಣ್ಣನದು. ಅದು ಗುಡಿಸಿದ ಅಂಗಳದ ಹಾಗಿದೆ, ಒಂದು ಹುಲ್ಲುಗರಿ ಇಲ್ಲ.

"ನಿನ್ನ ಹೊಲದಲ್ಲಿ ಕರು ಕಳೆದುಹೋದ್ರೆ ಹುಡುಕೋಕೆ ಪೊಲೀಸರನ್ನ ಕರೀಬೇಕಮ್ಮಾ" ಎಂದು ಅವರು ಹಂಗಿಸುವುದುಂಟು.

"ನಿಮ್ಮ ಹೊಲದಲ್ಲಿ ಎರೆಹುಳ ಹುಡುಕೋಕೆ ಯಾರನ್ನ ಕರೀಬೇಕು ಭಾವ?" ಎನ್ನುತ್ತಾಳೆ ಇವಳು.

ಭಾವ ಕೆಟ್ಟ ಮನುಷ್ಯನಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕೆಟ್ಟವರು ಮಾಡುವ ಹಾನಿಗೆ ಮನುಷ್ಯ ಹೇಗೋ ಸಿದ್ಧನಾಗಿರುತ್ತಾನೆ.

ವಿಷ ಹಾಕದೆ ಬೆಳೆಯುವವರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಯೊಂದಿದೆ. ಮೂರು ವರ್ಷ, ವರ್ಷಕ್ಕೊಂದು ತನಿಖೆ. ಮೂರರಲ್ಲೂ ಪಾರಾದರೆ ಪತ್ರ. ಆ ಪತ್ರ ಕೈಗೆ ಬಂದರೆ ಅವಳು ಬೆಳೆದದ್ದನ್ನೆಲ್ಲ ವರ್ಷವಿಡೀ ಹೊಲಕ್ಕೇ ಬಂದು ಒಯ್ಯುವುದಾಗಿ ಪಟ್ಟಣದ ವಸತಿ ಶಾಲೆಯ ಅಡುಗೆಮನೆಯವರು ಒಪ್ಪಿದ್ದರು. ವಾರಕ್ಕೆ ಮೂರು ದಿನ ಮಾರುಕಟ್ಟೆಯ ನೆಲದ ಮೇಲೆ ಗೋಣಿ ಹಾಸಿ ಕೂರುವುದು ತಪ್ಪುತ್ತಿತ್ತು. ಅವಳು ಬಯಸಿದ್ದು ಅಷ್ಟೇ, ಆ ಮೂರು ದಿನಗಳನ್ನು.

ಮೊದಲ ವರ್ಷ ಸರಿಹೋಯಿತು. ಎರಡನೆಯ ವರ್ಷ ಹೊಸ ತನಿಖಾಧಿಕಾರಿ ಬಂದ. ಪ್ಯಾಂಟಿಗೆ ಹುಲ್ಲು ತಾಗುತ್ತದೆಂದು ಕೊಟ್ಟಿಗೆಯಿಂದಾಚೆ ಕಾಲಿಡಲಿಲ್ಲ. ಅಲ್ಲಿಯೇ ನಿಂತು, 'ಬದುಗಳು ಸ್ವಚ್ಛವಾಗಿಲ್ಲ, ಮುಂದಿನ ತನಿಖೆಯೊಳಗೆ ಸರಿಪಡಿಸತಕ್ಕದ್ದು' ಎಂದು ಬರೆದ. ಬದುವಿನ ಹೂವಿಗೆ ಬರುವ ಜೇನುಹುಳುವೇ ತನ್ನ ಕಾಯಿಪಲ್ಲೆಗೂ ಬರುವುದೆಂದು, ಹುಲ್ಲಿನ ಬೇರು ಇಲ್ಲದಿದ್ದರೆ ಮಳೆಗೆ ಬದು ಕೊಚ್ಚಿಹೋಗುವುದೆಂದು ಅವಳು ವಿವರಿಸಿದಳು. ಅವನು ತಲೆಯಾಡಿಸಿದ. ಬರೆದದ್ದನ್ನು ಹೊಡೆದುಹಾಕಲಿಲ್ಲ. ಹುಲ್ಲಿಗೆ ಹೆದರುವವನನ್ನು ಹೊಲ ನೋಡಲು ಕಳಿಸುವವರ ಬುದ್ಧಿಗೆ ಏನೆನ್ನಬೇಕು?

ಮೂರನೆಯ ತನಿಖೆಗೆ ಹತ್ತು ದಿನವಿದ್ದಾಗ ಅವಳ ತಾಯಿಗೆ ಕಣ್ಣಿನ ಆಪರೇಷನ್ ಆಯಿತು. ಅವಳು ತವರಿಗೆ ಹೋದಳು. ತನಿಖೆಯ ದಿನ ಬೆಳಿಗ್ಗೆ ಬಸ್ಸಿಳಿದು ಬಂದು ನೋಡಿದರೆ, ಹೊಲದ ನಾಲ್ಕೂ ಕಡೆ ಬದು ಕುದಿನೀರು ಸುರಿದಂತೆ ಹಳದಿಯಾಗಿ ಮಲಗಿತ್ತು.

ಗಂಡ ಸಂತೋಷದಿಂದಲೇ ಎದುರು ಬಂದ. ಹೋದ ವರ್ಷದ ಆ ಒಂದು ಸಾಲು ಅವನ ತಲೆಯಲ್ಲಿ ಕೊರೆಯುತ್ತಿತ್ತಂತೆ. ಕೈಯಲ್ಲಿ ಕೊಯ್ಯಲು ವಾರ ಬೇಕು. ಅಣ್ಣನ ಹತ್ತಿರ ಕಳೆ ಔಷಧಿಯ ಡಬ್ಬವೂ ಬೆನ್ನಿಗೆ ಹಾಕುವ ಪಂಪೂ ಇತ್ತು. ಅಣ್ಣತಮ್ಮ ಸೇರಿ ಅರ್ಧ ದಿನದಲ್ಲಿ ಮುಗಿಸಿದ್ದರು. ಬೆಳೆಯ ಮೇಲೆ ಒಂದು ಹನಿ ಬಿದ್ದಿಲ್ಲವೆಂದು ಅವನು ಆಣೆ ಮಾಡಿದ. ವಿಷವಿಲ್ಲದ ಹೊಲವೆಂದು ತೋರಿಸಿಕೊಳ್ಳಲು ವಿಷ ಹೊಡೆದಿದ್ದರು. ಹದಿನಾಲ್ಕು ವರ್ಷ ಆ ಹೊಲದ ಅನ್ನ ಉಂಡವನಿಗೆ ಹೊಲವೆಂದರೆ ಬೆಳೆ ನಿಂತ ಸಾಲು ಮಾತ್ರ, ಬದು ಅದರ ಬೇಲಿ. ಕೊಲ್ಲುವ ವಸ್ತುವನ್ನು ಎಲ್ಲರೂ ಔಷಧಿ ಎಂದು ಕರೆಯುತ್ತಿರುವಾಗ ಅವನೊಬ್ಬನನ್ನೇ ದೂರಿ ಪ್ರಯೋಜನವೂ ಇಲ್ಲ.

ಅವಳು ಕೇಳಿದ್ದು ಒಂದೇ ಮಾತು. "ಹಸುಗಳಿಗೆ ಈ ಹುಲ್ಲು ಹಾಕಿದ್ರಾ?"

"ಹಾಕದೆ ಉಪವಾಸ ಕೆಡವೋದಾ?" ಎಂದರು ಅತ್ತೆ. ಹೊಡೆದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಹನ್ನೊಂದಕ್ಕೆ ತನಿಖಾಧಿಕಾರಿ ಬಂದ. ಈ ಸಲ ಕೊಟ್ಟಿಗೆ ದಾಟಿ ಬದುವಿನ ಮೇಲೆಯೇ ನಡೆದ. ಹೇಳಿದ್ದನ್ನು ನೆನಪಿಟ್ಟು ಸರಿಪಡಿಸಿದ್ದಾರೆಂದು ಹೊಗಳಿದ, ಹೊಲ ಅಂದರೆ ಹೀಗಿರಬೇಕೆಂದ. ಅಲ್ಲಿಯೇ ನಿಂತು ಫಾರಂನ ಪ್ರಶ್ನೆಗಳನ್ನು ಓದುತ್ತ, ಉತ್ತರವನ್ನೂ ತಾನೇ ಬರೆಯುತ್ತ ಹೋದ. ಹೊಲಕ್ಕಾಗಲಿ ಬದುವಿಗಾಗಲಿ ಕಳೆನಾಶಕ ಬಳಸಿದ್ದೀರಾ ಎಂಬಲ್ಲಿ 'ಇಲ್ಲ' ಎಂದು ಬರೆದ.

"ಹೊಡೆದಿದ್ದಾರೆ ಸಾರ್" ಎಂದಳು ಅವಳು.

ಅವನು ಪೆನ್ನು ನಿಲ್ಲಿಸಿದ. "ಅಮ್ಮಾ, ನಾನು ಬರೆದಾಗಿದೆ."

"ಅವರು ಹೊಡೆದಾಗಿದೆ."

"ಯಾರೂ ನೋಡಿಲ್ಲ ಬಿಡಿ."

"ನೀವು ನಿಂತಿರೋದೇ ಅದರ ಮೇಲೆ."

ಅವನ ಮುಖದಲ್ಲಿ ಕಂಡದ್ದು ನಾಚಿಕೆಯಲ್ಲ, ಬೇಸರ. ಇನ್ನೊಂದು ಫಾರಂ ತುಂಬಬೇಕಾಯಿತಲ್ಲ ಎಂದು. ತುಂಬಿದ. ಮೂರು ವರ್ಷದ ಲೆಕ್ಕ ಅಂದಿನಿಂದ ಮೊದಲಾಗುವುದೆಂದು ಬರೆದ. ಅದರ ಕೆಳಗೆ ಅದೇ ಶಾಯಿಯಲ್ಲಿ 'ಬದುಗಳು ಸ್ವಚ್ಛವಾಗಿವೆ' ಎಂದೂ ಬರೆದ. ಆ ಹಾಳೆಯನ್ನು ನಾನು ಕಣ್ಣಾರೆ ಓದಿದ್ದೇನೆ.

ಉಪಕಾರಕ್ಕೆ ಹೋಗಿ ಹೆಸರು ಕೆಡಿಸಿಕೊಂಡೆನೆಂದು ಭಾವ ವಾರಗಟ್ಟಲೆ ಮುಖ ತಿರುಗಿಸಿದರು. ಗಂಡ ಎರಡು ದಿನ ತಡೆದುಕೊಂಡಿದ್ದು, ಮೂರನೆಯ ದಿನ ಊಟದ ಮುಂದೆ ಕೇಳಿದ: "ನೀನು ಸುಮ್ನಿದ್ದಿದ್ರೆ ಏನಾಗ್ತಿತ್ತು? ಶಾಲೆ ಮಕ್ಕಳು ಸತ್ತೋಗ್ತಿದ್ರಾ?"

"ಇನ್ಮೇಲೆ ಬದು ನಿಮ್ಮದು" ಎಂದಳು. "ಕುಡುಗೋಲು ಕೊಟ್ಟಿಗೆ ಗೋಡೇಲಿದೆ."

ಅವನು ಕೊಯ್ಯುತ್ತಿದ್ದಾನೆ. ಅಡ್ಡಾದಿಡ್ಡಿ, ಆದರೂ ಕೊಯ್ಯುತ್ತಿದ್ದಾನೆ. ಬದುವಿನ ಪಕ್ಕದ ಎರಡು ಸಾಲು ಹುರಳಿಕಾಯಿಯನ್ನು ಅವಳು ಕಿತ್ತು ಗುಂಡಿ ತೋಡಿ ಹೂತಳು. ಹಸುಗಳ ಹಾಲನ್ನು ಹತ್ತು ದಿನ ಮೋರಿಗೆ ಚೆಲ್ಲಿದಳು. ಅಷ್ಟು ದಿನ ಬೇಕೋ ಬೇಡವೋ ಹೇಳಬಲ್ಲವರು ಯಾರೂ ಸಿಗಲಿಲ್ಲ.

ಮತ್ತೆ ವಾರಕ್ಕೆ ಮೂರು ದಿನ ಮಾರುಕಟ್ಟೆ. ಮೊನ್ನೆ ನಾನು ಅಲ್ಲಿದ್ದಾಗ ಒಬ್ಬ ಹೆಂಗಸು ಅವಳ ಹುರಳಿಕಾಯಿ ಆರಿಸುತ್ತ, ಔಷಧಿ ಹೊಡೆದದ್ದೋ ಎಂದು ಕೇಳಿದರು. ಬೆಳೆಗೆ ಇಲ್ಲ, ಬದುವಿಗೆ ಒಂದು ಸಲ ಹೊಡೆದಿದ್ದಾರೆ ಎಂದಳು ಇವಳು. ಆ ಹೆಂಗಸು ಕೆಂಡ ಮುಟ್ಟಿದಂತೆ ಕೈ ಕೊಡವಿದರು. ಪಕ್ಕದ ಗೋಣಿಯ ವ್ಯಾಪಾರಿ, ವಾರಕ್ಕೊಮ್ಮೆ ಹೊಡೆಯದೆ ಕಾಯಿ ಕೀಳದವನು, ತನ್ನದು ಪೂರಾ ನ್ಯಾಚುರಲ್ ಎಂದ. ಆ ಹೆಂಗಸು ಅವನಲ್ಲಿ ಎರಡು ಕಿಲೋ ತೂಗಿಸಿಕೊಂಡು, ನೆಮ್ಮದಿಯಾಗಿ ಹೋದರು.

"ಒಂದು ಮಾತು ನುಂಗಿಕೊಳ್ಳೋಕೆ ನಿನಗೇನು ಕಷ್ಟ ಅಕ್ಕಾ?" ಎಂದ ಅವನು, ಚೀಲದ ಬಾಯಿ ಕಟ್ಟುತ್ತ. ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾದ ಮರುಕವಿತ್ತು.

"ಕೇಳಿದ್ರು, ಹೇಳ್ದೆ" ಎಂದು ಅವಳು ಚದುರಿದ ಕಾಯಿಗಳನ್ನು ಗುಡ್ಡೆಗೆ ಸೇರಿಸಿ, ಮೇಲೆ ನೀರು ಚಿಮುಕಿಸಿದಳು.