ಬೈರಮ್ಮ ಆರಿಸಿದ ಕಟ್ಟಕಡೆಯ ಸೈಟು

ಕೋಲಾರದ ಪೇಟೆಯಲ್ಲಿ ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡರೆ ನಡುಗೋಡೆಯನ್ನು ಹೆಂಚಿನವರೆಗೆ ಎತ್ತುತ್ತಿರಲಿಲ್ಲ. ಮೇಲೆ ಒಂದು ಮೊಳ ಬಿಡುತ್ತಿದ್ದರು. ಪೂರ್ತಿ ಎತ್ತಿದರೆ ರಕ್ತಸಂಬಂಧವನ್ನೇ ಕಡಿದಂತೆ ಎಂದು ನಂಬಿಕೆ. ಆ ಸಂದಿಯಲ್ಲಿ ಸಂಬಂಧ ಎಷ್ಟು ಓಡಾಡುತ್ತಿತ್ತೋ ದೇವರೇ ಬಲ್ಲ. ಒಗ್ಗರಣೆ ಹೊಗೆ, ಗೊರಕೆ, ಚಾಡಿಮಾತು ಮಾತ್ರ ಸುಂಕವಿಲ್ಲದೆ ಬರುತ್ತಿದ್ದವು.

ಬೈರಮ್ಮನ ಮನೆಗೆ ಬಂದದ್ದು ಮೆಣಸಿನಕಾಯಿ ಘಾಟು. ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆ. ಅವಳು ಸಾಕಿದ ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದು, ಕೊನೆಯ ಪೊರೆ ಕಳಚಿ, ಪರಪರ ಸದ್ದು ಮಾಡುತ್ತ ಹಿಪ್ಪುನೇರಳೆ ಸೊಪ್ಪು ಮೇಯುತ್ತಿತ್ತು. ಇನ್ನೊಂದು ವಾರಕ್ಕೆ ಗೂಡು. ಹುಳುವಿಗೆ ವಾಸನೆ ಆಗದೆಂದು ಗಂಡ ಕೋದಂಡರಾಮಪ್ಪನನ್ನು ಬೀಡಿಸಮೇತ ಬೀದಿಗೆ ಅಟ್ಟಿದ್ದಳು. ಅಷ್ಟರಲ್ಲಿ ಗೋಡೆಯಾಚೆ, ಗಂಡನ ಅಣ್ಣ ದೊಡ್ಡವೆಂಕಟಪ್ಪನ ಮನೆಯಲ್ಲಿ, ವರ್ಷದ ಸಾರಿನಪುಡಿಗೆಂದು ಐದು ಸೇರು ಮೆಣಸಿನಕಾಯಿ ಹುರಿದರು. ಸಂಜೆಗೆ ಹುಳು ಮೇವು ಬಿಟ್ಟಿತು. ಮೂರನೆಯ ದಿನ ಬೈರಮ್ಮ ಸತ್ತ ಹುಳುವನ್ನು ತಟ್ಟೆ ತಟ್ಟೆಯಾಗಿ ತಿಪ್ಪೆಗೆ ಸುರಿದಳು.

"ಸರಿಪೋಯಿಂದಿ! ನಿನ್ನ ಹುಳೂನ ಕೇಳಿ ನಾವು ಸಾರು ಮಾಡ್ಬೇಕಾ?" ಎಂದ ದೊಡ್ಡವೆಂಕಟಪ್ಪ.

"ಬೇಡ ಭಾವ. ಗೋಡೆ ಮೇಲಕ್ಕೆ ಎತ್ತಿಸ್ತೀನಿ."

"ನಾನು ಬದುಕಿರೋವರ್ಗೂ ಆಗಲ್ಲ!"

ಭಾವನ ಆರೋಗ್ಯ ಚೆನ್ನಾಗಿಯೇ ಇತ್ತು. ಬೈರಮ್ಮ ಬೇರೆ ದಾರಿ ನೋಡಿದಳು.

ಊರಾಚೆ, ಬೆಟ್ಟದ ಕಡೆ, ಪುರಸಭೆಯವರು ಹೊಸ ಬಡಾವಣೆಗೆ ಕಲ್ಲು ನೆಟ್ಟಿದ್ದರು. ಹಿಂದೆ ಪ್ಲೇಗು ಬಂದಾಗ ಜನ ಗುಡಿಸಲು ಹಾಕಿಕೊಂಡಿದ್ದ ಬಯಲು ಅದು. ಕಾಯಿಲೆಯಿಲ್ಲದೆ ಅಲ್ಲಿಗೆ ಯಾರು ಹೋಗ್ತಾರೆ ಎಂದು ಪೇಟೆ ನಗುತ್ತಿತ್ತು. ಧೈರ್ಯ ಮಾಡಿದ ನಾಲ್ಕು ಜನರೂ ಊರಿಗೆ ಅಂಟಿಕೊಂಡ ಸಣ್ಣ ಸೈಟುಗಳನ್ನೇ ಹಿಡಿದಿದ್ದರು. ಬೈರಮ್ಮ ಗಂಡನನ್ನು ಮುಂದಿಟ್ಟುಕೊಂಡು ಪುರಸಭೆಗೆ ಹೋಗಿ, ನಕ್ಷೆಯ ಕಟ್ಟಕಡೆಯ ಅರವತ್ತು ತೊಂಬತ್ತಡಿ ಸೈಟಿನ ಮೇಲೆ ಬೆರಳಿಟ್ಟಳು.

"ಅಲ್ಲಿ ನರಿ ಕೂಗ್ತವೆ ಕಣಮ್ಮ," ಎಂದ ಗುಮಾಸ್ತ.

"ಕೂಗ್ಲಿ ಬಿಡಿ ಸ್ವಾಮಿ. ನರಿ ಮೆಣಸಿನಕಾಯಿ ಹುರಿಯಲ್ಲ."

"ಸುತ್ತ ಹತ್ತಡಿ ಬಿಟ್ಟು ಕಟ್ಬೇಕು. ಅಷ್ಟು ಜಾಗ ದಂಡ."

"ಆ ದಂಡದ ಜಾಗಕ್ಕೇ ನಾನು ಬಂದಿರೋದು."

ಕೋದಂಡರಾಮಪ್ಪ ಯಾರು ಕೊನೆಗೆ ಮಾತಾಡಿದರೋ ಅವರ ಪಕ್ಷ. ಆದ್ದರಿಂದ ಅವನಿಗೆ ಅಣ್ಣ ಸಿಕ್ಕುವ ಮೊದಲೇ ರುಜು ಹಾಕಿಸಿದಳು. ಮನೆ ಏಳುವಷ್ಟರಲ್ಲಿ ಅವಳ ಕಿವಿಯ ಬೆಂಡೋಲೆ ಹೋಗಿ ಬೇವಿನಕಡ್ಡಿ ಬಂದಿತ್ತು. ದೊಡ್ಡವೆಂಕಟಪ್ಪ ನೆಂಟರಿಗೆಲ್ಲ ಕಟ್ಟಪ್ಪಣೆ ಮಾಡಿದ್ದ. ಗೃಹಪ್ರವೇಶಕ್ಕೆ ಪೇಟೆಯಿಂದ ಒಂದು ನೊಣವೂ ಬರಲಿಲ್ಲ. ಬೈರಮ್ಮ ಹಾಲುಕ್ಕಿಸಿ, ಗಾರೆಯವರಿಗೆಲ್ಲ ಹೊಟ್ಟೆತುಂಬ ಪಾಯಸ ಬಡಿಸಿದಳು. ನೆಂಟರ ಪಾಲಿನದನ್ನೂ ಬಡಿಸಿದಳು.

ನಾಲ್ಕೂ ಕಡೆ ಗಾಳಿಯಾಡುವ ಮನೆಯಲ್ಲಿ ಹುಳು ಒಂದೂ ಕೆಡದೆ ಹಣ್ಣಾಯಿತು. ಹುಳು ಗೂಡು ಕಟ್ಟಲೆಂದು ಅಂಗಳದಲ್ಲಿ ಒರಗಿಸಿದ ಬಿದಿರಿನ ಚಂದ್ರಿಕೆಗಳ ತುಂಬ ಹಳದಿ ಗೂಡು. ಸುದ್ದಿ ಪೇಟೆಗೆ ಮುಟ್ಟಿದ ತಿಂಗಳೊಳಗೆ ದೊಡ್ಡವೆಂಕಟಪ್ಪ ಬಂದು, ಮನೆ ಸುತ್ತಿ, ಗೋಡೆ ಗುದ್ದಿ ನೋಡಿದ. ಎತ್ತು ಕೊಳ್ಳುವವನು ಬೆನ್ನು ತಟ್ಟಿದ ಹಾಗಿತ್ತು.

"ಪಕ್ಕದ ಸೈಟು ನಾನೂ ತಗೊಂಡೆ ಕಣಮ್ಮ. ನಂದೂ ಹುಳಮನೆ ಆಗ್ಲಿ. ನಿನ್ನ ಗೋಡೆಗೇ ನನ್ನ ತೊಲೆ ಕೂರಿಸಿದ್ರೆ ಒಂದು ಗೋಡೆ ಉಳೀತದೆ. ಗುಮಾಸ್ತನಿಗೆ ನಾನು ಹೇಳ್ಕೋತೀನಿ."

"ಅಣ್ಣ ಹೇಳೋದೂ ಒಂಥರಾ..." ಎಂದು ಕೋದಂಡರಾಮಪ್ಪ ಬಾಯಿ ತೆಗೆದ.

"ನೀವು ಹೋಗಿ ಸೊಪ್ಪು ತನ್ನಿ," ಎಂದಳು ಬೈರಮ್ಮ. ಆಮೇಲೆ ಭಾವನ ಕಡೆ ತಿರುಗಿದಳು. "ಕಾಫಿ ಕುಡೀರಿ ಭಾವ. ದಿನಾ ಬಂದು ಕುಡೀರಿ. ಗೋಡೆ ಮಾತ್ರ ಕೇಳ್ಬೇಡಿ."

"ಎಷ್ಟು ಸೊಕ್ಕೇ ನಿಂಗೆ!"

"ಅರವತ್ತು ತೊಂಬತ್ತಡಿ."

ಭಾವ ಕಾಫಿ ಕುಡಿದೇ ಹೋದ. ಅವನ ಪಾಯಕ್ಕೆ ದಾರ ಹಿಡಿದ ದಿನ ಬೈರಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ತನ್ನ ಗೋಡೆಯಿಂದ ಅವನ ದಾರದವರೆಗೆ ಅಳತೆಯ ಹಗ್ಗ ಎಳೆದಳು. ಅವಳ ಹತ್ತು, ಅವನ ಹತ್ತು, ಒಟ್ಟು ಇಪ್ಪತ್ತಡಿಗೆ ನಾಲ್ಕು ಅಂಗುಲ ಕಡಿಮೆ. ಮೇಸ್ತ್ರಿ ದೊಡ್ಡವೆಂಕಟಪ್ಪನ ಮುಖ ನೋಡಿದ, ದೊಡ್ಡವೆಂಕಟಪ್ಪ ಬೆಟ್ಟದ ಕಡೆ ನೋಡಿದ. ಗೂಟ ಕಿತ್ತು ಆಚೆಗೆ ಹೊಡೆಯುವವರೆಗೂ ಅವಳು ಬಿಸಿಲಲ್ಲಿ ನಿಂತೇ ಇದ್ದಳು.